ಬಾಡಿಗೆ ಮನೆಯನ್ನು ನೋಡುವವರಾರು?



ನಮ್ಮ ಪಟ್ಟಣಗಳಲ್ಲಿ ಬಾಡಿಗೆ ಕೇಳಲು ಮನೆ ಮಾಲೀಕರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಾರೆ. ಆ ಮನೆಯ ಸ್ಥಿತಿಯನ್ನು ನೋಡಲು ವರ್ಷಕ್ಕೊಮ್ಮೆಯಾದರೂ ಬರುವವರೆಷ್ಟು ಮಂದಿ? ಮುಸ್ಲಿಮರಿಗೆ ಬಾಡಿಗೆ ಮನೆ ಸಿಗುವುದು ಕಷ್ಟವೆಂಬ ದೂರು ಸುಳ್ಳಲ್ಲ. ಆದರೆ ನಮ್ಮವರೇ ಮಾಲೀಕರಾಗಿರುವಲ್ಲಿ, ಮಸೀದಿ ಸಮಿತಿಯ ಕೈಯಲ್ಲೇ ಮನೆಗಳಿರುವಲ್ಲಿ, ಬಡ ಕುಟುಂಬಗಳಿಗೆ ನಾವು ಎಂತಹ ಮನೆ ಕೊಟ್ಟಿದ್ದೇವೆ? ಈ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು.

ಸಂಡೂರಿನ ಗಣಿಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕಂಪ್ಲಿಯ ಭತ್ತದ ಗದ್ದೆಗಳು ದುಡಿಯುವವರನ್ನು ದೂರದಿಂದ ಕರೆತರುತ್ತವೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯಲ್ಲಿ ಹೊಸ ಕಟ್ಟಡಗಳಿಗೆ ನಿರ್ಬಂಧವಿದೆ. 2021ರಲ್ಲಿ ಹೊಸಪೇಟೆಯು ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಮನೆಗೆ ಬೇಡಿಕೆ ಹೆಚ್ಚಿದಂತೆ ಬಾಡಿಗೆದಾರನ ಬಾಯಿ ಕಟ್ಟುತ್ತದೆ. ಸೋರುವ ಚಾವಣಿಯನ್ನು ತೋರಿಸಿದರೆ 'ಬೇರೆ ಮನೆ ನೋಡಿಕೊಳ್ಳಿ' ಎಂಬ ಉತ್ತರ ಸಿದ್ಧವಿರುತ್ತದೆ.

ಕೇಂದ್ರ ಸರಕಾರವು 2020ರಲ್ಲಿ ವಲಸೆ ಕಾರ್ಮಿಕರಿಗಾಗಿ ಕೈಗೆಟಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆಯನ್ನು ಪ್ರಕಟಿಸಿತು. 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಬಂತು. ಕರಾರಿನಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಕಟ್ಟಡದ ದುರಸ್ತಿ, ಸುಣ್ಣ ಬಣ್ಣ, ನೀರಿನ ಕೊಳವೆ, ವಿದ್ಯುತ್ ತಂತಿ ಇವು ಮಾಲೀಕನ ಹೊಣೆ. ನಲ್ಲಿ, ಬೀಗ, ಕಿಟಕಿಯ ಗಾಜು, ಚರಂಡಿಯ ಶುಚಿತ್ವ ಬಾಡಿಗೆದಾರನ ಹೊಣೆ ಎಂದು ಅದು ಹೇಳುತ್ತದೆ. ಪರಿಶೀಲನೆಗೆ ಬರುವ ಮಾಲೀಕನು 24 ಗಂಟೆ ಮುಂಚಿತವಾಗಿ ಸೂಚನೆ ಕೊಡಬೇಕು. ಸೂರ್ಯೋದಯಕ್ಕೆ ಮೊದಲು, ಸೂರ್ಯಾಸ್ತದ ನಂತರ ಒಳಗೆ ಕಾಲಿಡಬಾರದು. ರಾಜ್ಯಗಳು ಅಂಗೀಕರಿಸಿದ ಬಳಿಕವೇ ಇಂತಹ ಮಾದರಿ ಕಾಯ್ದೆ ಜಾರಿಗೆ ಬರುತ್ತದೆ. ಆದರೆ ಸದ್ವರ್ತನೆಗೆ ನಾವು ಕಾಯ್ದೆಯನ್ನು ಕಾಯಬೇಕೇ? ಅನುಮತಿ ಪಡೆಯದೆ, ಸಲಾಮ್ ಹೇಳದೆ ಇತರರ ಮನೆಯನ್ನು ಪ್ರವೇಶಿಸಬಾರದು, ಹಿಂದಿರುಗಿ ಎಂದರೆ ಹಿಂದಿರುಗಬೇಕು ಎಂಬ ಆದೇಶ ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿದೆ. ಗೋಡೆ ಮಾಲೀಕನದಾದರೂ ಅದರೊಳಗಿನ ಮರ್ಯಾದೆ ವಾಸಿಸುವವರದು.

ತಪಾಸಣೆಯೆಂದರೆ ಹೊಸ್ತಿಲಲ್ಲಿ ನಿಂತು ಇಣುಕುವುದಲ್ಲ. ಮುಂಗಾರಿಗೆ ಮೊದಲು ಚಾವಣಿ ಮತ್ತು ಗೋಡೆಗಳ ಬಿರುಕನ್ನು ನೋಡಬೇಕು. ವಿದ್ಯುತ್ ಸಂಪರ್ಕಕ್ಕೆ ಅರ್ಥಿಂಗ್ ಇದೆಯೇ? ಶೌಚದ ಗುಂಡಿ ಕುಡಿಯುವ ನೀರಿನ ತೊಟ್ಟಿಗೆ ತೀರಾ ಹತ್ತಿರವಿದೆಯೇ? ಅಡುಗೆ ಮನೆಯ ಹೊಗೆ ಹೊರಹೋಗಲು ದಾರಿಯಿದೆಯೇ? ನಮ್ಮ ಬಿಸಿಲಿನಲ್ಲಿ ತಗಡಿನ ಚಾವಣಿಯಡಿ ಮಗುವೊಂದು ಮಲಗಬಲ್ಲದೇ? ಕಂಪ್ಲಿಯ ನದಿ ತೀರದಲ್ಲಾದರೆ, ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಹೊಳೆ ಎಲ್ಲಿಯವರೆಗೆ ಏರುತ್ತದೆಂಬುದನ್ನೂ ಕೇಳಬೇಕು. ದಿನವಿಡೀ ಮನೆಯಲ್ಲಿರುವ ಹೆಂಗಸರಿಗೆ ಅದರ ಕುಂದುಗಳು ಚೆನ್ನಾಗಿ ಗೊತ್ತು. ಆದ್ದರಿಂದ ಪರಿಶೀಲನೆಗೆ ಹೋಗುವವರಲ್ಲಿ ಮಹಿಳೆಯರೂ ಇರಲಿ. ಕಂಡದ್ದನ್ನು ಎರಡು ಪ್ರತಿಗಳಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಮನೆ ಬಿಡುವ ದಿನ ಮುಂಗಡ ಹಣದ ಜಗಳವನ್ನು ಆ ಒಂದು ಹಾಳೆ ತಪ್ಪಿಸೀತು.

1995ರ ವಕ್ಫ್ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ವಕ್ಫ್ ಆಸ್ತಿಗಳ ತಪಾಸಣೆಗೆ ಅವಕಾಶ ಕೊಡುವುದು ಮುತವಲ್ಲಿಯ ಕರ್ತವ್ಯ. ವಾರ್ಷಿಕ ಸಭೆಯಲ್ಲಿ ಬಾಡಿಗೆಯ ಲೆಕ್ಕವನ್ನು ಓದುವ ಜಮಾಅತ್‌ಗಳು ಅದರೊಂದಿಗೆ ಮನೆಗಳ ತಪಾಸಣಾ ವರದಿಯನ್ನೂ ಓದಲಿ. ವಕ್ಫ್ ಆಸ್ತಿಯ ರಕ್ಷಣೆಗಾಗಿ ಬೀದಿಗಿಳಿಯುವ ನಾವು, ಆ ಆಸ್ತಿಯೊಳಗೆ ಮಕ್ಕಳೊಂದಿಗೆ ವಾಸಿಸುವ ವಿಧವೆಯ ತಲೆಯ ಮೇಲಿನ ಚಾವಣಿಯನ್ನೂ ಈ ಮಳೆಗಾಲಕ್ಕೆ ಮೊದಲೇ ನೋಡಿ ಬರೋಣ.