ನಿತ್ಯದ ಔಷಧಕ್ಕೆ ನಿತ್ಯದ ಆದಾಯ



ಯಾವ ಸಂಸ್ಥೆಯ ಲೆಕ್ಕಪುಸ್ತಕ ತೆರೆದರೂ ಲೆಕ್ಕಪರಿಶೋಧಕನಾದ ನಾನು ಮೊದಲು ಕೇಳುವುದಿಷ್ಟೆ: ಪ್ರತಿವರ್ಷ ಮರುಕಳಿಸುವ ವೆಚ್ಚಕ್ಕೆ ಪ್ರತಿವರ್ಷ ಬರುವ ಸ್ವಂತ ಆದಾಯವಿದೆಯೇ? ರೋಗನಿಯಂತ್ರಣಕ್ಕೂ ಈ ಪ್ರಶ್ನೆ ಸಲ್ಲುತ್ತದೆ.

ಎಚ್‌ಐವಿ ಸೋಂಕಿತರು ಜೀವನಪರ್ಯಂತ ಔಷಧ ಸೇವಿಸಬೇಕು. ಆಫ್ರಿಕಾದ ಅನೇಕ ದೇಶಗಳಲ್ಲಿ ಇದರ ವೆಚ್ಚದ ದೊಡ್ಡ ಪಾಲು ವಿದೇಶೀ ನೆರವಿನದು. 2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರು ವಿದೇಶೀ ನೆರವನ್ನು 90 ದಿನ ತಡೆಹಿಡಿದರು. ಅಲ್ಲಿನ ಹಲವು ಚಿಕಿತ್ಸಾಲಯಗಳು ಬಾಗಿಲು ಮುಚ್ಚಿದವು. ರೋಗಕ್ಕೆ ಅಂಥ ವಿರಾಮ ತಿಳಿಯದು.

ಜಿಂಬಾಬ್ವೆ 1999ರಲ್ಲಿಯೇ ಬೇರೊಂದು ಮಾರ್ಗ ಕಂಡುಕೊಂಡಿತ್ತು. ವ್ಯಕ್ತಿಗಳೂ ಕಂಪನಿಗಳೂ ತೆರುವ ಆದಾಯ ತೆರಿಗೆಯ ಮೇಲೆ ಶೇ. 3ರಷ್ಟು ಏಡ್ಸ್ ಕರ. ನಾವು ತೆರುವ ಆರೋಗ್ಯ ಮತ್ತು ಶಿಕ್ಷಣ ಸೆಸ್ಸಿನ ಮಾದರಿಯೇ ಅದು. 2008ರ ಹಣದುಬ್ಬರದಲ್ಲಿ ಆ ಹಣ ಬರಿಯ ಕಾಗದವಾಯಿತು. ಮರುವರ್ಷ ಡಾಲರ್ ಚಲಾವಣೆಗೆ ಬಂದ ಮೇಲೆ ಚೇತರಿಸಿಕೊಂಡಿತು. ತೆರಿಗೆ ತೆರುವವರು ಕಡಿಮೆಯಾದ್ದರಿಂದ ಕರವೊಂದೇ ಸಾಲದು, ನಿಜ. ಆದರೂ ತೆರಿಗೆ ತೆತ್ತವನು ತನ್ನ ಸರಕಾರವನ್ನು ಲೆಕ್ಕ ಕೇಳಬಲ್ಲ. ದಾನ ಪಡೆದವನು ದಾನಿಯನ್ನು ಕೇಳಲಾರ.

ದಾನವನ್ನು ನಾನು ಹಳಿಯುತ್ತಿಲ್ಲ. ದಾನದಿಂದ ಆಸ್ಪತ್ರೆಯ ಕಟ್ಟಡವೇಳಲಿ; ನಿತ್ಯದ ಔಷಧಕ್ಕೆ ಮಾತ್ರ ದೇಶದ ಬಜೆಟ್ಟಿನಲ್ಲಿಯೇ ಒಂದು ಸಾಲು ಇರಲಿ.