ಹೊರಗೋಡೆಗೆ ಯಾವ ಬಣ್ಣ?

ಮನೆಯ ಒಳಗಿನ ಬಣ್ಣವನ್ನು ನೋಡುವವರು ನಾವು. ಹೊರಗಿನದನ್ನು ಬೀದಿಯವರೆಲ್ಲ ನೋಡಬೇಕು. ಒಮ್ಮೆ ಬಳಿಸಿದರೆ ಐದಾರು ವರ್ಷ ಅದೇ ಗತಿ. ಆದ್ದರಿಂದ ಆರಿಸುವಾಗ ಸ್ವಲ್ಪ ವಿವೇಚನೆ ಅಗತ್ಯ.

ಬೂದಿಗೆ ತಿಳಿಗಂದು ಬೆರೆತ ಸೌಮ್ಯವರ್ಣವೊಂದು ಈಗ ಬಳಕೆಯಲ್ಲಿದೆ. ಗ್ರೇ, ಬೇಜ್ ಎಂಬ ಎರಡು ಮಾತುಗಳನ್ನು ಬೆಸೆದು ಇಂಗ್ಲಿಷಿನಲ್ಲಿ ಅದನ್ನು ಗ್ರೇಜ್ ಎನ್ನುತ್ತಾರೆ. ಮಳೆ, ಕಾಲ ಸೇರಿ ಮಳೆಗಾಲವಾದಂತೆ ನಾವು ಇದನ್ನು ಬೂದುಗಂದು ಎನ್ನೋಣ. ಸುಣ್ಣದ ಬಿಳುಪಿನಂತೆ ಇದು ನಡುಹಗಲಿನಲ್ಲಿ ಕಣ್ಣು ಕೋರೈಸದು. ಧೂಳು ಕೂತರೆ ಬೇಗ ಎದ್ದು ಕಾಣದು. ಹೆಂಚಿನ ಕೆಂಪಿಗೂ ತೆಂಗಿನ ಹಸುರಿಗೂ ಹೊಂದುತ್ತದೆ. ಆದರೆ ತೀರ ಗಾಢವಾದುದು ಬೇಡ. ಅದು ಬಿಸಿಲನ್ನು ಹೀರಿ ಗೋಡೆಯನ್ನು ಕಾಯಿಸುತ್ತದೆ. ಬಣ್ಣ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆಂಬುದಕ್ಕೆ ಒಂದು ಅಂಕಿಯುಂಟು: ಕಪ್ಪಿಗೆ 0, ಬಿಳುಪಿಗೆ 100. ಅಂಗಡಿಯಲ್ಲಿ ವಿಚಾರಿಸಿ, 50ಕ್ಕೆ ಮೇಲ್ಪಟ್ಟುದನ್ನು ಆರಿಸಿರಿ.

ಶೇಡ್ ಕಾರ್ಡಿನಲ್ಲಿ ಬೆರಳಗಲ ಕಂಡ ಬಣ್ಣ ಬಿಸಿಲಿನ ಗೋಡೆಯ ಮೇಲೆ ಇನ್ನೂ ತಿಳಿಯಾಗಿ ಕಾಣುತ್ತದೆ. ಒಳಗೆ ಅಡಗಿದ್ದ ನಸುಗೆಂಪೋ ನಸುಹಸುರೋ ಹೊರಬೀಳುತ್ತದೆ. ಆದ್ದರಿಂದ ಮೊದಲು ಚಿಕ್ಕ ಡಬ್ಬಿಯೊಂದನ್ನು ತನ್ನಿ. ಮೂಡಣ ಗೋಡೆಯಲ್ಲೂ ಪಡುವಣ ಗೋಡೆಯಲ್ಲೂ ಎರಡೆರಡು ಮೊಳದಷ್ಟು ಬಳಿದು, ಒಣಗಿದ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ. ಪಕ್ಕದಲ್ಲಿ ಬಿಳಿಯ ಹಾಳೆ ಹಿಡಿದರೆ ಅಡಗಿದ ಛಾಯೆ ತಿಳಿದುಬರುತ್ತದೆ. ಹೊಸ ಸಿಮೆಂಟಿನ ಗಾರೆಯಾದರೆ 28 ದಿನವಾದರೂ ಕಾಯಿರಿ.

ನಮ್ಮ ಹಿರಿಯರು ಸುಣ್ಣದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಿದ್ದರು. ಮಳೆಯ ಕೆಸರು ಸಿಡಿದರೂ ಅದರಲ್ಲಿ ಕಾಣುತ್ತಿರಲಿಲ್ಲ. ಬೂದುಗಂದಿನ ಗೋಡೆಗೂ ಬುಡದಲ್ಲಿ ಅಂಥದೊಂದು ಗಾಢವಾದ ಪಟ್ಟೆಯಿರಲಿ. ಹೀಗೆ ಒಂದು ದಿನ ತಾಳಿ ನೋಡಿದರೆ ಐದಾರು ವರ್ಷದ ಬೇಸರ ತಪ್ಪುತ್ತದೆ.