ತನ್ನ ಉತ್ತರ ಪತ್ರಿಕೆಗೆ ತಾನೇ ಅಂಕ!

(ಡೀಮೆನ್‌ನಲ್ಲಿ ಸೇರಿದ್ದ ಕನ್ನಡಿಗರ ಕೂಟದಲ್ಲಿ ಆಡಿದ ಮಾತು)

ಈ ಡೀಮೆನ್‌ನಿಂದ ಸ್ಕಿಪೋಲ್ ವಿಮಾನ ನಿಲ್ದಾಣ ಹೆಚ್ಚು ದೂರವಿಲ್ಲ. ಊರಿಂದ ಬರುವ ಅಪ್ಪ-ಅಮ್ಮನಿಗಾಗಿ ನಾವೆಲ್ಲ ಅಲ್ಲಿ ಕಾದವರೇ. ವಿಮಾನ ಹೊತ್ತಿಗೆ ಸರಿಯಾಗಿ ಬಂತಾ ಅಂತ ನೋಡುತ್ತೇವೆಯೇ ಹೊರತು, ಹಾರಿಸಿದವರ ಹತ್ತಿರ ಲೈಸೆನ್ಸ್ ಇತ್ತಾ ಅಂತ ಕೇಳುವುದಿಲ್ಲ. ಯಾರೋ ನೋಡಿರುತ್ತಾರೆ ಅನ್ನೋ ನಂಬಿಕೆ.

2010ರ ಮಾರ್ಚ್ 2ರಂದು ಅದೇ ಸ್ಕಿಪೋಲ್‌ನಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. 101 ಪ್ರಯಾಣಿಕರ ಜೊತೆ ಅಂಕಾರಾಕ್ಕೆ ಹೊರಡಲಿದ್ದ ಬೋಯಿಂಗ್ 737ರ ಕಾಕ್‌ಪಿಟ್‌ನಲ್ಲೇ ಪೊಲೀಸರು ಸ್ವೀಡನ್ನಿನ ಪೈಲಟ್ ಥಾಮಸ್ ಸಾಲ್ಮೆಯನ್ನು ಬಂಧಿಸಿದರು. ಪ್ರಯಾಣಿಕರ ವಿಮಾನ ಹಾರಿಸಲು ಬೇಕಾದ ಲೈಸೆನ್ಸ್ ಆತನಿಗೆ ಇರಲಿಲ್ಲ. ನಕಲಿ ಕಾಗದ ಇಟ್ಟುಕೊಂಡು 13 ವರ್ಷ, ಸುಮಾರು 10,000 ಗಂಟೆ ಹಾರಿಸಿದ್ದ! ಶಿಕ್ಷೆ? 2000 ಯೂರೋ ದಂಡ, ಒಂದು ವರ್ಷ ಹಾರಾಟಕ್ಕೆ ನಿಷೇಧ.

"ಒಂದೂ ಅಪಘಾತ ಆಗಲಿಲ್ಲವಲ್ಲ, ಕೆಲಸ ಬರುತ್ತಿತ್ತಲ್ಲ" ಅನ್ನಬಹುದು. ನಿಜ, ಬರುತ್ತಿತ್ತು. ಆದರೆ ತನಗೆ ಕೆಲಸ ಬರುತ್ತದೆ ಅಂತ ತೀರ್ಮಾನ ಮಾಡಿದವನು ಆತನೇ. ತನ್ನ ಉತ್ತರ ಪತ್ರಿಕೆಗೆ ತಾನೇ ಅಂಕ ಹಾಕಿಕೊಂಡ.

ಅನುಭವ ಇದ್ದರೆ ಸಾಕೇ? ಅದೇ ವರ್ಷ ಮೇ 22ರಂದು ನಮ್ಮ ಮಂಗಳೂರಿನಲ್ಲಿ 158 ಜನ ತೀರಿಕೊಂಡರು. ಅಲ್ಲಿನ ಕ್ಯಾಪ್ಟನ್‌ಗೆ ಸರಿಯಾದ ಲೈಸೆನ್ಸೂ ಇತ್ತು, 10,000 ಗಂಟೆಗೂ ಮೀರಿದ ಅನುಭವವೂ ಇತ್ತು. ಇಳಿಸಬೇಡಿ, ಮತ್ತೆ ಮೇಲಕ್ಕೆ ಹೋಗೋಣ ಅಂತ ಸಹಪೈಲಟ್ ಮೂರು ಸಲ ಹೇಳಿದರೂ ಕೇಳಲಿಲ್ಲ ಅಂತ ತನಿಖಾ ವರದಿ ಹೇಳಿತು. ಎಷ್ಟೇ ಪಳಗಿದವರಿಗೂ ಇನ್ನೊಬ್ಬರ ಕಣ್ಣು ಬೇಕು. ಲೈಸೆನ್ಸ್ ಅಂದರೆ ಆ ಕಣ್ಣುಗಳಲ್ಲಿ ಮೊದಲನೆಯದು.

2011ರಲ್ಲಿ ಗೋವಾದಲ್ಲಿ ಒಬ್ಬ ಪೈಲಟ್ ಮೂಗಿನ ಚಕ್ರ ಮೊದಲು ತಾಗುವಂತೆ ವಿಮಾನ ಇಳಿಸಿದಾಗ ತನಿಖೆಯಾಗಿ, ಪರೀಕ್ಷೆಯ ಅಂಕಪಟ್ಟಿಯೇ ನಕಲಿ ಅಂತ ಬಯಲಾಯಿತು. ಇನ್ನೂ ಕೆಲವರು ಸಿಕ್ಕಿಬಿದ್ದರು. ಆಮೇಲೆ ಡಿಜಿಸಿಎ ಸಾವಿರಾರು ಪೈಲಟ್‌ಗಳ ಕಾಗದಪತ್ರ ಮತ್ತೆ ತೆಗೆದು ನೋಡಬೇಕಾಯಿತು. ಕೆಲವರ ಮೋಸಕ್ಕೆ ನಿಯತ್ತಾಗಿ ಓದಿ ಪಾಸಾದವರೂ ಅನುಮಾನಕ್ಕೆ ಗುರಿಯಾದರು.

ಇದನ್ನೆಲ್ಲ ನಾನು ಯಾಕೆ ಹೇಳ್ತಿದ್ದೀನಿ? ನಮ್ಮ ಸಾಫ್ಟ್‌ವೇರ್ ಕೆಲಸಕ್ಕೆ ಲೈಸೆನ್ಸೇ ಇಲ್ಲ. ಇರುವುದು ರೆಸ್ಯೂಮೆ ಒಂದೇ. ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದ ಹೊಸತರಲ್ಲಿ ನನ್ನ ರೂಮ್‌ಮೇಟ್ ದುಡ್ಡು ಕೊಟ್ಟು ಎರಡು ವರ್ಷದ ಅನುಭವದ ಪತ್ರ ತಂದ. ವಿಚಾರಿಸಲು ಫೋನ್ ಬಂದಾಗ ಅವನ ಹಳೆಯ ಮ್ಯಾನೇಜರ್ ಅಂತ ಮಾತಾಡಿದವನು ನಾನೇ! ಅವನಿಗೆ ಕೆಲಸ ಸಿಕ್ಕಿತು, ಚೆನ್ನಾಗಿಯೇ ಮಾಡಿದ. ಆ ದಿನ ಅದೇ ಸಾಲಿನಲ್ಲಿ ಕೂತು, ನಿಜ ಹೇಳಿ ವಾಪಸ್ ಹೋದ ಹುಡುಗ ಯಾರೋ, ನನಗೆ ಗೊತ್ತಿಲ್ಲ. ಸಾಲ್ಮೆ ಸುದ್ದಿ ಓದಿದಾಗಲೆಲ್ಲ ನೆನಪಾಗುವುದು ಆ ಫೋನ್ ಕರೆ.

ಊರಿನ ಹುಡುಗರು "ಸ್ವಲ್ಪ ರೆಫರ್ ಮಾಡಿ ಅಣ್ಣ" ಅಂತ ನಮಗೆಲ್ಲ ಬರೆಯುತ್ತಾರೆ. ಖಂಡಿತ ಮಾಡೋಣ. ಅದಕ್ಕೆ ಮೊದಲು ರೆಸ್ಯೂಮೆಯ ಒಂದೊಂದು ಸಾಲನ್ನೂ ಕೂತು ಕೇಳೋಣ. ಸುಳ್ಳಿದ್ದರೆ ತೆಗೆಸೋಣ, ಬರದಿದ್ದರೆ ಕಲಿಸೋಣ. ನಮ್ಮವರು ಅನ್ನೋ ಪ್ರೀತಿಗೆ ಸುಳ್ಳುಸಾಕ್ಷಿ ಮಾತ್ರ ಬೇಡ. ನಾನು ಒಮ್ಮೆ ಹೇಳಿದ್ದೇನೆ, ಸಾಕು.